ಹ್ಯಾಮ್ಸ್ಟರ್ ಏಕೆ ಕಚ್ಚುತ್ತದೆ?

ಸೋಮನಾಥಪುರದ ಕೇಶವ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥ ಕಟ್ಟಿಸಿದ ಗುಡಿ ಅದು. ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರ ಸಾಲು. ಶಿಲ್ಪಿ ಉಳಿ ಹಿಡಿಯುವ ಹೊತ್ತಿಗೆ ಆನೆಯೂ ಕುದುರೆಯೂ ಮನುಷ್ಯನ ಕೈಗೆ ಬಂದು ಸಾವಿರಾರು ವರ್ಷಗಳೇ ಕಳೆದಿದ್ದುವು. ಇಷ್ಟು ಕಾಲ ಬಳಕೆಯಿದ್ದರೂ ಹೊಸ ಆನೆಯ ಹತ್ತಿರ ಮಾವುತ ಅವಸರದಿಂದ ಹೋಗುವುದಿಲ್ಲ.

ಈಗ ಅದೇ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಬೆಂಗಳೂರಿನಿಂದ ಬಂದ ಸೋದರಮಾವ ಹುಡುಗಿಗೆಂದು ಪಂಜರದಲ್ಲಿ ಒಂದು ಹ್ಯಾಮ್ಸ್ಟರ್ ತಂದುಕೊಟ್ಟಿದ್ದಾನೆ. ಹಿಡಿಯಷ್ಟು ಗಾತ್ರ, ಕರಿಮಣಿಯಂಥ ಕಣ್ಣು, ಬಾಲ ಇದ್ದೂ ಇಲ್ಲದಂತೆ. ಹುಡುಗಿ ಆಸೆಯಿಂದ ಕೈ ಹಾಕಿದಳು, ಅದು ಬೆರಳು ಕಚ್ಚಿತು, ರಕ್ತ ಬಂತು. “ಎಷ್ಟಾದರೂ ಇಲಿ ಜಾತಿ ಕಣಮ್ಮ, ಗದ್ದೆಗೆ ಬಿಟ್ಟು ಬಾ” ಎಂದರು ಅಜ್ಜಿ.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಅದು ಇಲಿಯ ಬಳಗದ್ದೇ ಹೌದು. ನಮ್ಮ ಬತ್ತದ ಗದ್ದೆಯ ಬದುವಿನಲ್ಲಿ ಇಲಿ ತೆನೆಗಳನ್ನು ಬಿಲದೊಳಗೆ ಕೂಡಿಡುವಂತೆ ಇದೂ ಕಾಳನ್ನು ಕೆನ್ನೆಯ ಚೀಲದಲ್ಲಿ ತುಂಬಿ ಹೊತ್ತೊಯ್ದು ಬಚ್ಚಿಡುತ್ತದೆ. ಆದರೆ ಗದ್ದೆಗೆ ಬಿಟ್ಟರೆ ಅದು ಬದುಕಲಾರದು. ಹಗಲು ಕಾಗೆ ಹದ್ದುಗಳು, ರಾತ್ರಿ ಬೆಕ್ಕು ಗೂಬೆಗಳು, ಬಿಲಕ್ಕಿಳಿದರೆ ಹಾವು. ಬಿಟ್ಟು ಬರುವುದೆಂದರೆ ಕೊಂದು ಬಂದಂತೆಯೆ. ಹಾಗಾದರೆ ಉಳಿದ ದಾರಿ ಒಂದೇ: ಪಳಗಿಸುವುದು.

ಪಳಗಿಸುವ ಮುನ್ನ ಅದರ ಪೂರ್ವೋತ್ತರವನ್ನು ಸ್ವಲ್ಪ ತಿಳಿದಿರಬೇಕು. ಮನೆಗಳಲ್ಲಿ ಸಾಕುವ ಹೊಂಬಣ್ಣದ ಹ್ಯಾಮ್ಸ್ಟರಿನ ತೌರು ಸಿರಿಯಾ ದೇಶ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ನಗರದ ಬಳಿ ಹೊಲವನ್ನು ಅಗೆಸಿ ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಹಿಡಿದರು. ಬೆದರಿದ ತಾಯಿ ತನ್ನ ಮರಿಯೊಂದನ್ನು ತಾನೇ ಕೊಂದಿತು. ಉಳಿದವುಗಳಲ್ಲಿ ಬದುಕಿಕೊಂಡ ಕೆಲವು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಬೆಳೆದು ಮರಿ ಹಾಕಿದುವು. ಇಂದು ಸಾಕುಮನೆಗಳಲ್ಲಿರುವ ಹೊಂಬಣ್ಣದವು ಬಹುಮಟ್ಟಿಗೆ ಆ ಒಂದು ಕುಟುಂಬದ ಸಂತತಿ. ಮನುಷ್ಯನ ಮನೆಗೆ ಬಂದು ನೂರು ವರ್ಷವೂ ತುಂಬದ ಪ್ರಾಣಿ ಇದು. ನಾಯಿಯ ನಂಬಿಕೆಯನ್ನು ಇದರಿಂದ ಮೊದಲ ದಿನವೇ ಬೇಡುವುದು ನ್ಯಾಯವೆ?

ಕಚ್ಚುವುದು ಸಿಟ್ಟಿನಿಂದಲ್ಲ, ಅಂಜಿಕೆಯಿಂದ. ಅದು ರಾತ್ರಿ ಸಂಚರಿಸುವ ಪ್ರಾಣಿ, ಹಗಲು ಮಲಗಿರುತ್ತದೆ. ಕಣ್ಣು ಮಂದ, ಮೂಗು ಚುರುಕು. ನಿದ್ದೆಯಲ್ಲಿರುವಾಗ ನಿಮ್ಮ ಕೈ ಮೇಲಿನಿಂದ ಇಳಿದರೆ ಅದಕ್ಕೆ ಹದ್ದು ಎರಗಿದಂತೆಯೆ. ಕೈಗೆ ತಿಂಡಿಯ ವಾಸನೆಯಿದ್ದರೆ ಬೆರಳನ್ನೇ ತಿಂಡಿಯೆಂದು ತಿಳಿಯುತ್ತದೆ. ಜೊತೆಗೆ ಇದು ಒಂಟಿ ಜೀವಿ. ದೊಡ್ಡವಾದ ಎರಡನ್ನು ಒಂದೇ ಪಂಜರದಲ್ಲಿಟ್ಟರೆ ಕಾದಾಡಿ ಗಾಯ ಮಾಡಿಕೊಳ್ಳುತ್ತವೆ.

ಆದ್ದರಿಂದ ಮೊದಲ ನಾಲ್ಕೈದು ದಿನ ಅದನ್ನು ಮುಟ್ಟಲೇ ಬೇಡಿ. ಪಂಜರ ವಿಶಾಲವಾಗಿರಲಿ, ತೋಡಿಕೊಳ್ಳಲು ಒಂದು ಗೇಣು ಆಳದಷ್ಟು ಕಾಗದದ ಚೂರು ಹಾಕಿ, ಅಡಗಲು ಒಂದು ಗೂಡು ಇಡಿ. ಅಡಗುವ ಜಾಗವಿದ್ದರೇ ಅದಕ್ಕೆ ಹೊರಗೆ ಬರುವ ಧೈರ್ಯ. ನೀವು ಕೈಯಲ್ಲಿ ಹಿಡಿದಿದ್ದ ತೆಳುವಾದ ಕಾಗದವನ್ನು ಗೂಡಿನ ಬಳಿ ಹಾಕಿದರೆ ನಿಮ್ಮ ವಾಸನೆ ಅದಕ್ಕೆ ಪರಿಚಯವಾಗುತ್ತದೆ.

ಆಮೇಲೆ ಪ್ರತಿ ಸಂಜೆ, ಅದು ತಾನಾಗಿ ಎದ್ದ ಮೇಲೆ, ಕೈ ತೊಳೆದುಕೊಂಡು ಮೆಲ್ಲಗೆ ಮಾತನಾಡುತ್ತ ಒಂದು ಸೂರ್ಯಕಾಂತಿ ಬೀಜವನ್ನು ಚಮಚದಲ್ಲಿ ಚಾಚಿ. ಭಯವಿಲ್ಲದೆ ತೆಗೆದುಕೊಳ್ಳತೊಡಗಿದರೆ ಬೀಜವನ್ನು ಅಂಗೈಯಲ್ಲಿಟ್ಟು ಪಂಜರದ ನೆಲಕ್ಕೆ ತಾಗಿಸಿ ಸುಮ್ಮನಿರಿ. ಕೈ ಅಟ್ಟಿಸಿಕೊಂಡು ಹೋಗಬಾರದು; ಅದೇ ಬರಬೇಕು. ಅಂಗೈ ಹತ್ತಿತೆಂದು ಕೂಡಲೇ ಎತ್ತಿಬಿಡಬೇಡಿ. ಐದು ನಿಮಿಷ ಸಾಕು. ಹೊರಗೆ ತೆಗೆಯಲೇಬೇಕಾದಾಗ ಅಗಲ ಬಾಯಿಯ ಲೋಟವನ್ನು ಅಡ್ಡವಿಟ್ಟರೆ ತಾನೇ ಒಳಹೊಗುತ್ತದೆ. ಎತ್ತಿಕೊಳ್ಳುವವರು ಚಾಪೆಯ ಮೇಲೆ ಕುಳಿತಿರಲಿ. ನಿಂತವರ ಕೈಯಿಂದ ಬಿದ್ದರೆ ಮೂಳೆ ಮುರಿದೀತು.

ಕಚ್ಚಿದರೆ ಕೈ ಝಾಡಿಸಬೇಡಿ, ಹೊಡೆಯಬೇಡಿ, ಮುಖಕ್ಕೆ ಊದಬೇಡಿ. ಅದರ ಅಂಜಿಕೆ ನಿಜವಾಯಿತೆಂದು ನೀವೇ ಕಲಿಸಿಕೊಟ್ಟಂತಾಗುತ್ತದೆ. ಮೆಲ್ಲಗೆ ಕೆಳಗಿಳಿಸಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಕಾಫಿಪುಡಿ ಮೆತ್ತಬಾರದು. ಧನುರ್ವಾಯುವಿನ ಚುಚ್ಚುಮದ್ದು ಬೇಕೆ ಎಂಬುದನ್ನು ವೈದ್ಯರನ್ನು ಕೇಳಿ. ಇಂಥ ಸಣ್ಣ ದಂಶಕಗಳ ಕಡಿತದಿಂದ ಹುಚ್ಚುನಾಯಿ ರೋಗ ಬರುವುದು ಬಹು ಅಪರೂಪವಾದರೂ ಆ ನಿರ್ಣಯವೂ ವೈದ್ಯರದೇ ಆಗಿರಲಿ.

ಇನ್ನೊಂದು ಮಾತು. ಪಳಗಿದ ಪ್ರಾಣಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಅದಕ್ಕೆ ಎಲ್ಲೋ ನೋವಿದೆಯೆಂದು ತಿಳಿದು ಪಶುವೈದ್ಯರಿಗೆ ತೋರಿಸಿ. ಸೆಕೆಯೂ ಅದಕ್ಕೆ ಆಗದು. 20ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ. ಮೈಸೂರು ಸೀಮೆಯ ಏಪ್ರಿಲ್ ಮಧ್ಯಾಹ್ನ 35 ದಾಟುವುದುಂಟು. ಪಂಜರವನ್ನು ಕಿಟಕಿಯ ಬಿಸಿಲಿನಿಂದ ದೂರ, ತಂಪಾದ ನಡುಮನೆಯಲ್ಲಿಡಿ.

ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಅದು ಅಂಗೈಗೆ ಬರುತ್ತದೆ. ಕೆಲವು ಎಂದಿಗೂ ಬಾರವು. ಅಂಥದನ್ನು ದೂರದಿಂದಲೇ ನೋಡಿ ಸಂತೋಷಪಡಬೇಕು. ಅದರ ಆಯುಸ್ಸೇ ಎರಡು ಮೂರು ವರ್ಷ. ಅಷ್ಟು ದಿನ ಅದು ನಿಮ್ಮ ಮನೆಯಲ್ಲಿ ಬೆದರದೆ ತಿಂದು, ಓಡಿ, ಮಲಗಿದರೆ ಮಕ್ಕಳು ಒಂದು ದೊಡ್ಡ ಪಾಠ ಕಲಿತಂತೆ. ನಮಗಿಂತ ಸಣ್ಣ ಜೀವಕ್ಕೆ ಕೈ ಚಾಚುವಾಗ ತಾಳ್ಮೆ ತೋರಬೇಕಾದವರು ನಾವು.