ಮನೆತನದ ವಂಶಾವಳಿ ಬರೆಯೋಣ ಬರ್ರಿ



ವಂಶಾವಳಿ ಬರೆಯಲು ಮೊದಲು ಮನೆಯ ಹಿರಿಯರ ಹತ್ತಿರ ಕೂಡ್ರಿ. ಮುತ್ಯಾ, ಆಯಿ, ಅವರ ತವರೂರು ಕೇಳಿ ಅಂದೇ ಬರಕೊಳ್ರಿ. ಮದುವೆ ಮಾಡಿಕೊಟ್ಟೇವಿ ಅಂತ ಹೆಣ್ಣುಮಕ್ಕಳ ಹೆಸರು ಬಿಡುವವರೇ ಬಹಳ. ಬಿಡಬ್ಯಾಡ್ರಿ! 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅದ.

ಸೇಡಂ, ಚಿತ್ತಾಪುರ, ಚಿಂಚೋಳಿ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಹಳೇ ಜಮೀನಿನ ಕಾಗದ ಉರ್ದುವಿನಲ್ಲಿದ್ದರೆ ಎಸೆಯದೆ, ಓದಬಲ್ಲ ಹಿರಿಯರಿಗೆ ತೋರಿಸಿರಿ. ಫಸಲಿ ಇಸವಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಸುಮಾರಾಗಿ ಸಿಗ್ತದ. ವಾಡಿ, ಶಹಾಬಾದಕ್ಕೆ ಸಿಮೆಂಟ್, ಕಲ್ಲುಗಣಿ ಕೆಲಸಕ್ಕೆಂದು ಬಂದ ಮನೆತನದವರು ಮೂಲ ಊರಿನ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿರಿ.

ನಾಡಕಚೇರಿಗೆ ವಂಶವೃಕ್ಷದ ಅರ್ಜಿ ಕೊಡುವ ಮುನ್ನ ತೀರಿಕೊಂಡವರ ಮರಣ ಪ್ರಮಾಣಪತ್ರ ತೆಗೆಸಿ ಇಟ್ಟುಕೊಳ್ರಿ.