ಗಣಿತ ವಿಜ್ಞಾನಗಳ ಆಯ್ಕೆಯೂ ನಮ್ಮ ನಾಲ್ಕು ತಾಲ್ಲೂಕುಗಳೂ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಉಪಾಧ್ಯಾಯರನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಸರ್ಕಾರವು ಹೆಸರಿಟ್ಟಿದೆ. ಇಲ್ಲಿಯ ಪ್ರೌಢಶಾಲೆಗಳಿಂದ ವರ್ಷವರ್ಷವೂ ಹೊರಬೀಳುವ ಮಕ್ಕಳು ಹದಿನೈದು ಹದಿನಾರರ ಎಳೆವಯಸ್ಸಿನಲ್ಲಿ ಒಂದು ದೊಡ್ಡ ತೀರ್ಮಾನವನ್ನು ಮಾಡಬೇಕಾಗುತ್ತದೆ: ಮುಂದೆ ಗಣಿತ ವಿಜ್ಞಾನಗಳನ್ನು ಓದುವುದೋ, ಬಿಡುವುದೋ? ಬಾಳಿನ ದಿಕ್ಕನ್ನೇ ಗೊತ್ತುಮಾಡುವ ಈ ಪ್ರಶ್ನೆಯನ್ನು ನಮ್ಮ ಎಷ್ಟೋ ಮನೆಗಳಲ್ಲಿ ಅರ್ಧ ಗಳಿಗೆಯೂ ಆಲೋಚಿಸದೆ ಮುಗಿಸಿಬಿಡುತ್ತಾರೆ. ಅದಕ್ಕಾಗಿಯೇ ನಾವು ಇಂದು ಎರಡು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಲು ನಿಂತಿದ್ದೇವೆ.

ಮೊದಲು ಇರುವ ಸ್ಥಿತಿಯನ್ನು ನೋಡೋಣ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವರೆಗೆ ಗಣಿತವೂ ವಿಜ್ಞಾನವೂ ಎಲ್ಲರಿಗೂ ಸಮಾನವಾದ ಪಾಠಗಳು. ಆಯ್ಕೆಯು ಹುಟ್ಟುವುದು ಪದವಿಪೂರ್ವ ತರಗತಿಯ ಬಾಗಿಲಲ್ಲಿ. ಅಲ್ಲಿ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಜೀವಶಾಸ್ತ್ರವನ್ನು ಹಿಡಿದವನಿಗೆ ವೈದ್ಯ, ಕೃಷಿ, ಎಂಜಿನಿಯರಿಂಗ್ ಎಲ್ಲದರ ದಾರಿಯೂ ತೆರೆದಿರುತ್ತದೆ. ಜೀವಶಾಸ್ತ್ರದ ಬದಲು ಗಣಕವಿಜ್ಞಾನವನ್ನು ಹಿಡಿದವನಿಗೆ ವೈದ್ಯದ ನೇರ ದಾರಿ ಮುಚ್ಚಿತು. ಗಣಿತವನ್ನೇ ಬಿಟ್ಟವನಿಗೆ ಎಂಜಿನಿಯರಿಂಗ್ ಮುಚ್ಚಿತು. ಗಣಿತ ವಿಜ್ಞಾನಗಳೆರಡನ್ನೂ ಬಿಟ್ಟವನು ಎರಡು ವರ್ಷಗಳ ತರುವಾಯ ಮನಸ್ಸು ಬದಲಾಯಿಸಿದರೆ ಮೊದಲಿನಿಂದ ಹೊರಡಬೇಕಾದೀತು. ವಿಜ್ಞಾನವನ್ನೋದಿದವನು ಮುಂದೆ ಸಾಹಿತ್ಯಕ್ಕೋ ನ್ಯಾಯಶಾಸ್ತ್ರಕ್ಕೋ ಹೋಗಬಹುದು. ಅಲ್ಲಿಂದ ಇತ್ತ ಬರುವುದು ಕಷ್ಟ. ಈ ಒಂದು ಸಂಗತಿಯನ್ನಾದರೂ ಪ್ರತಿಯೊಬ್ಬ ತಂದೆತಾಯಿಗೂ ತಿಳಿಸಿ ಹೇಳುವುದು ಉಪಾಧ್ಯಾಯರ ಧರ್ಮವಲ್ಲವೆ?

ಹಾಗಾದರೆ ನಮ್ಮ ಮಕ್ಕಳು ಹಿಂಜರಿಯುವುದೇಕೆ? ಬುದ್ಧಿಯ ಕೊರತೆಯಿಂದಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ ಬಾಲಕನಿಗೆ ಪದವಿಪೂರ್ವ ವಿಜ್ಞಾನದ ಪಾಠವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಇದಿರಾಗುತ್ತದೆ. ನಿನ್ನೆಯವರೆಗೆ ವೇಗೋತ್ಕರ್ಷವೆಂದು ಚೆನ್ನಾಗಿ ಬಲ್ಲ ವಸ್ತುವು ಇಂದು ಆಕ್ಸಿಲರೇಷನ್ ಎಂಬ ವೇಷದಲ್ಲಿ ಬಂದು ನಿಂತಾಗ ಅವನು ಹೆದರುತ್ತಾನೆ. ತನಗೆ ವಿಜ್ಞಾನವೇ ಬಾರದೆಂದು ತಿಳಿಯುತ್ತಾನೆ. ಅವನಿಗೆ ಬಾರದುದು ಹತ್ತಿಪ್ಪತ್ತು ಡಜನ್ ಪರಭಾಷೆಯ ಶಬ್ದಗಳೇ ಹೊರತು ವಿಜ್ಞಾನವಲ್ಲ. ಎರಡನೆಯ ಅಡ್ಡಿಯು ಹೆಣ್ಣುಮಕ್ಕಳದು. ವಿಜ್ಞಾನದ ತರಗತಿ ದೂರದ ಪಟ್ಟಣದಲ್ಲಿದ್ದರೆ, ಹತ್ತಿರದಲ್ಲಿ ಏನಿದೆಯೋ ಅದನ್ನೇ ಓದಲಿ ಎಂದು ಹಿರಿಯರು ಹೇಳಿಬಿಡುತ್ತಾರೆ. ಹೀಗೆ ಮಗಳ ಭವಿಷ್ಯವನ್ನು ಬಸ್ಸಿನ ವೇಳಾಪಟ್ಟಿಯು ನಿರ್ಣಯಿಸುತ್ತದೆ!

ಕನ್ನಡಿಗರಿಗೂ ಗಣಿತಕ್ಕೂ ದೂರವೆಂದು ಹೇಳುವವರು ನಮ್ಮ ಚರಿತ್ರೆಯನ್ನು ಓದಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ನಮ್ಮದೇ ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ, ಸುಮಾರು 1918ರಲ್ಲಿ, ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಯಿಸಿದರು. ಮಧುಗಿರಿಗೆ ಮಗ್ಗುಲಲ್ಲಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಕಾಲುನಡಿಗೆಯಿಂದ ಬೆಂಗಳೂರನ್ನು ಸೇರಿ, ನ್ಯಾಷನಲ್ ಪ್ರೌಢಶಾಲೆಯಲ್ಲಿ ಓದಿ, 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡು, ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅದೇ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೋ ದೂರದರ್ಶಕವೊಂದು ಸೂರ್ಯನ ಅಲೆಗಳನ್ನು ಆಲಿಸುತ್ತಿದೆ. ಬಯಲುಸೀಮೆಯ ಮಣ್ಣು ವಿಜ್ಞಾನಕ್ಕೆ ಬಂಜೆಯಲ್ಲ.

ಇನ್ನು ನಮ್ಮ ನಾಡಿನ ಅವಶ್ಯಕತೆಯನ್ನು ನೋಡಿರಿ. ಪಾವಗಡದ ತಿರುಮಣಿಯ ಸುತ್ತಣ ಸುಮಾರು 13,000 ಎಕರೆ ನೆಲದಲ್ಲಿ 2018ರಿಂದ ಸೌರವಿದ್ಯುತ್ತು ಹುಟ್ಟುತ್ತಿದೆ. 2019ರ ಕೊನೆಗೆ ಅದರ ಶಕ್ತಿಯು 2,050 ಮೆಗಾವಾಟಿಗೆ ಮುಟ್ಟಿತು. ಒಂದು ಮೆಗಾವಾಟಿಗೆ ಎಷ್ಟು ಎಕರೆ ಬೇಕಾಯಿತು? ಭಾಗಿಸಿದರೆ ಆರು ಎಕರೆಗೆ ತುಸು ಹೆಚ್ಚು. ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂದು ಗೊತ್ತಾಯಿತು. ಹತ್ತು ವರ್ಷ ಕಳೆದು ಐದು ಏರಿಕೆಗಳಾದ ಮೇಲೆ ಅದು ಎಷ್ಟಾದೀತು? ಸುಮಾರು 26,800 ರೂಪಾಯಿ. ಚಕ್ರಬಡ್ಡಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವು ಕಲಿಸೀತು? ಆದರೆ ನಾವು ಕೇಳುವುದು ಬೇರೊಂದು ಪ್ರಶ್ನೆ. ನೆಲವನ್ನು ಕೊಟ್ಟವರ ಮಕ್ಕಳು ಆ ಫಲಕಗಳ ಧೂಳನ್ನು ತೊಳೆಯುವವರಾಗಿಯೇ ಉಳಿಯಬೇಕೋ, ಅವನ್ನು ನಡೆಯಿಸುವ ಎಂಜಿನಿಯರುಗಳೂ ಆಗಬೇಕೋ?

ಅದೇ ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಬಾಧೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುತ್ತದೆ; ಪ್ರಮಾಣವು ಇನ್ನೂ ಹೆಚ್ಚಿದರೆ ಮೂಳೆಯೂ ಕೀಲೂ ಕೆಡುತ್ತವೆ. ಕಣ್ಣಿಗೆ ತಿಳಿಯಾಗಿ ಕಾಣುವ ಆ ನೀರಿನ ಗುಣದೋಷವನ್ನು ಹೇಳಬಲ್ಲುದು ರಸಾಯನಶಾಸ್ತ್ರ ಮಾತ್ರ. ಹೇಮಾವತಿಯ ನೀರು ಶಿರಾದ ಕೆರೆಗೆ ಹರಿದುಬರುವುದು ನಾಲೆಯ ಇಳಿಜಾರಿನ ಲೆಕ್ಕದಿಂದ. ಕೊರಟಗೆರೆಯ ಜಯಮಂಗಲಿಯಲ್ಲಿ ಬಂದ ಮಳೆಯೆಷ್ಟು, ನಿಂತ ನೀರೆಷ್ಟು ಎಂಬುದೂ ಲೆಕ್ಕವೇ. ಮಧುಗಿರಿಯ ಏಕಶಿಲೆಯ ಎತ್ತರವನ್ನು ಹತ್ತದೆಯೇ ಅಳೆಯಬಹುದು: ತಪ್ಪಲಿನಲ್ಲಿ ನಿಂತು ತುದಿಯ ಕೋನವನ್ನು ಅಳೆದು, ನೂರು ಗಜ ಹಿಂದೆ ಸರಿದು ಮತ್ತೊಮ್ಮೆ ಅಳೆದರೆ ಸಾಕು, ಹತ್ತನೆಯ ತರಗತಿಯ ತ್ರಿಕೋನಮಿತಿಯು ಉಳಿದುದನ್ನು ಹೇಳುತ್ತದೆ. ಮಕ್ಕಳನ್ನು ಒಂದು ದಿನ ಬೆಟ್ಟದ ಬುಡಕ್ಕೆ ಕರೆದೊಯ್ಯಿರಿ. ಗಣಿತದ ಭಯವು ಅಲ್ಲಿಯೇ ಅರ್ಧ ಕಳೆಯುತ್ತದೆ.

ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟು. ಒಂಬತ್ತನೆಯ ತರಗತಿಯಿಂದಲೇ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಜೊತೆಜೊತೆಯಾಗಿ ಬರೆಯಿಸಿರಿ. ಅರ್ಥವು ಕನ್ನಡದಲ್ಲಿ ಬೇರೂರಲಿ, ಶಬ್ದವು ಎರಡರಲ್ಲಿಯೂ ಪರಿಚಿತವಾಗಲಿ. ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ಬೇಸಿಗೆಯ ವಾರಗಳನ್ನು ಇದಕ್ಕೆ ಮೀಸಲಿಡಿರಿ. ಕನ್ನಡದಲ್ಲಿ ಓದಿದವರಿಗಾಗಿ ಇರುವ ಸೌಕರ್ಯಗಳನ್ನು ತಿಳಿಸಿರಿ: ವೈದ್ಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದಲೂ, ಎಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದಲೂ ಕನ್ನಡದಲ್ಲಿ ಬರೆಯಬಹುದಾಗಿದೆ. ರಾಜ್ಯದ ಪ್ರವೇಶದಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮದವರಿಗೆ ನೂರಕ್ಕೆ ಐದು ಸ್ಥಾನಗಳು ಮೀಸಲಾಗಿವೆ. ವ್ಯಾಸಂಗದ ಪ್ರಮಾಣಪತ್ರವಿಲ್ಲದೆ ಇದು ದೊರೆಯದು. ಅದನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಡಿರಿ.

ಒಲ್ಲದ ಮಗುವನ್ನು ಎಳೆದು ವಿಜ್ಞಾನಕ್ಕೆ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ನೆರೆಮನೆಯವರ ಮಗನನ್ನು ನೋಡಿ ನಮ್ಮ ಮಗನನ್ನು ನೂಕುವುದು ಹಿಂಸೆ. ಕೈಕೆಲಸದಲ್ಲಿ ಒಲವುಳ್ಳವನು ಪಾಲಿಟೆಕ್ನಿಕ್ಕಿನ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿನ ಎರಡನೆಯ ವರ್ಷವನ್ನು ನೇರವಾಗಿ ಸೇರಬಹುದು. ವಾಣಿಜ್ಯವನ್ನು ಹಿಡಿದವನೂ ಮೂಲಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಜೊತೆಗಿಟ್ಟುಕೊಳ್ಳಬಹುದು. ಅರಿತು ಬಿಟ್ಟರೆ ಅದು ಆಯ್ಕೆ. ಹೆದರಿ ಬಿಟ್ಟರೆ ಅದು ಸೋಲು.

ಮಹಾಶಯರೇ, 1956ರ ನವೆಂಬರ್ 1ರಂದು ಹರಿದುಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ನಮ್ಮ ಮಗ್ಗುಲ ಮಡಕಶಿರಾ ಆಂಧ್ರದಲ್ಲಿ ಉಳಿದ ನೋವು ಇಲ್ಲಿಯವರಿಗೆ ಗೊತ್ತೇ ಇದೆ. ಆದರೆ ಭೂಪಟದ ಗೆರೆಗಳನ್ನು ಕೂಡಿಸಿದಮಾತ್ರಕ್ಕೆ ಏಕೀಕರಣವು ಮುಗಿಯಲಿಲ್ಲ. ರಾಜಧಾನಿಯ ಬಾಲಕನಿಗೆ ಸಹಜವಾಗಿ ತೆರೆಯುವ ಬಾಗಿಲು ನಾಗಲಮಡಿಕೆಯ ಬಾಲಕಿಗೆ ಮುಚ್ಚಿರುವವರೆಗೆ ನಾಡು ಎರಡಾಗಿಯೇ ಇದೆ. ಈ ಬಾರಿ ಫಲಿತಾಂಶವು ಬಂದ ವಾರದಲ್ಲಿ ಪ್ರತಿಯೊಬ್ಬ ಉಪಾಧ್ಯಾಯರೂ ಐದು ಮನೆಗಳಿಗೆ ಹೋಗಲಿ. ತಂದೆತಾಯಿಗಳನ್ನು ಕುಳ್ಳಿರಿಸಿ, ಯಾವ ದಾರಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಬಿಡಿಸಿ ಹೇಳಲಿ. ಕನ್ನಡಮ್ಮನ ಸೇವೆಗೆ ಇದಕ್ಕಿಂತ ಹತ್ತಿರದ ಕೆಲಸವು ನಮಗೆ ಕಾಣದು.