ಹಕ್ಕಿಗೆ ಕಾಯ್ದೆ ಇದೆ, ಅದರ ತುತ್ತಿಗೆ?



2025ರ ಮಾರ್ಚ್ 18ರಂದು ಪ್ರಿಟೋರಿಯಾದ ಹೈಕೋರ್ಟಿನಿಂದ ಒಂದು ಆದೇಶ ಹೊರಬಿತ್ತು. ದಕ್ಷಿಣ ಆಫ್ರಿಕಾದಲ್ಲಿ ಪೆಂಗ್ವಿನ್‌ಗಳು ಮರಿ ಮಾಡುವ ಆರು ಮುಖ್ಯ ನೆಲೆಗಳಿವೆ: ಡಾಸೆನ್ ದ್ವೀಪ, ರಾಬೆನ್ ದ್ವೀಪ, ಸ್ಟೋನಿ ಪಾಯಿಂಟ್, ಡಯರ್ ದ್ವೀಪ, ಸೇಂಟ್ ಕ್ರೋಯಿ ದ್ವೀಪ, ಬರ್ಡ್ ದ್ವೀಪ. ಇವುಗಳ ಸುತ್ತ ಗುರುತಿಸಿದ ಕಡಲಿನಲ್ಲಿ ವಾಣಿಜ್ಯ ದೋಣಿಗಳು ಹತ್ತು ವರ್ಷ ಸಾರ್ಡೀನ್, ಆಂಚೋವಿ ಮೀನು ಹಿಡಿಯುವಂತಿಲ್ಲ ಎಂಬುದು ಆದೇಶದ ಸಾರ.

ಹಕ್ಕಿಯನ್ನು ಕೊಲ್ಲಬಾರದು, ಗೂಡು ಮುಟ್ಟಬಾರದು ಎನ್ನುವ ಕಾಯ್ದೆಗಳು ಜಗತ್ತಿನ ತುಂಬ ಇವೆ. ಪ್ರಿಟೋರಿಯಾದ ಆದೇಶ ಒಂದು ಹೆಜ್ಜೆ ಮುಂದೆ ಹೋಗಿ ಹಕ್ಕಿಯ ಊಟಕ್ಕೆ ಕಾವಲು ಹಾಕಿತು. ಈ ವಿಚಾರ ಸಂಕಿರಣದ ಆಶಯವೂ ಅದೇ: ಕಡಲ ಹಕ್ಕಿಗೆ ಕೊಡುವ ಕಾನೂನಿನ ರಕ್ಷಣೆ ಅದು ಮೇಯುವ ನೀರಿನವರೆಗೂ ಚಾಚಬೇಕು.

ಆಫ್ರಿಕನ್ ಪೆಂಗ್ವಿನ್ ಮೂರು ಕಿಲೋ ಆಸುಪಾಸಿನ ಹಕ್ಕಿ. ಕೂಗು ಥೇಟ್ ಕತ್ತೆಯದು. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ತೀರ ಬಿಟ್ಟರೆ ಬೇರೆಲ್ಲೂ ಅದು ಮರಿ ಮಾಡುವುದಿಲ್ಲ. ನೂರು ವರ್ಷದ ಹಿಂದೆ ಹತ್ತು ಲಕ್ಷಕ್ಕೂ ಹೆಚ್ಚಿತ್ತು ಎಂದು ಅಂದಾಜು. ಈಗ ಹತ್ತು ಸಾವಿರ ಜೋಡಿಯೂ ಉಳಿದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಜಗತ್ತಿನ 18 ಬಗೆಯ ಪೆಂಗ್ವಿನ್‌ಗಳಲ್ಲಿ ಈ ಪಟ್ಟಿಗೆ ಬಿದ್ದ ಮೊದಲನೆಯದು ಇದೇ.

ಕಾನೂನು ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗೊಬ್ಬರಕ್ಕೆಂದು ದ್ವೀಪಗಳ ಮೇಲಿನ ಹಿಕ್ಕೆಯ ದಪ್ಪ ಪದರವನ್ನು ಕೆರೆದು ಹಡಗಿಗೆ ತುಂಬಿದರು. ಪೆಂಗ್ವಿನ್‌ಗಳು ಬಿಲ ತೋಡುತ್ತಿದ್ದುದು ಆ ಪದರದಲ್ಲೇ. ಅದು ಹೋದ ಮೇಲೆ ಮೊಟ್ಟೆ, ಮರಿ ಬಿಸಿಲಿಗೂ ಕಡಲಕಾಗೆಗಳ ಕೊಕ್ಕಿಗೂ ಈಡಾದವು. ಇಪ್ಪತ್ತನೇ ಶತಮಾನದಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳು ಊಟದ ಮೇಜಿಗೆ ಹೋದವು. ಈ ಎರಡೂ ದಂಧೆಗಳಿಗೆ ತಡವಾಗಿಯಾದರೂ ಕಡಿವಾಣ ಬಿತ್ತು. ದ್ವೀಪಗಳು ಸಂರಕ್ಷಿತ ಪ್ರದೇಶಗಳಾದವು.

2000ದ ಜೂನ್‌ನಲ್ಲಿ ‘ಟ್ರೆಷರ್’ ಎಂಬ ಅದಿರಿನ ಹಡಗು ಡಾಸೆನ್ ಮತ್ತು ರಾಬೆನ್ ದ್ವೀಪಗಳ ನಡುವೆ ಮುಳುಗಿತು. ಎಣ್ಣೆ ಮೆತ್ತಿಕೊಂಡ ಸುಮಾರು 19,000 ಪೆಂಗ್ವಿನ್‌ಗಳನ್ನು ಕೇಪ್‌ಟೌನ್‌ಗೆ ತಂದು ಒಂದೊಂದಾಗಿ ತೊಳೆದರು. ಇನ್ನೂ ಎಣ್ಣೆ ತಾಗದಿದ್ದ ಸುಮಾರು 19,500 ಹಕ್ಕಿಗಳನ್ನು ಲಾರಿಗಳಲ್ಲಿ ತುಂಬಿ ನೂರಾರು ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್ ಬಳಿ ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಊರು ಸೇರುವಷ್ಟರಲ್ಲಿ ನೀರು ತಿಳಿಯಾಗಲಿ ಎಂಬುದು ಲೆಕ್ಕಾಚಾರ. ಪೀಟರ್, ಪಮೇಲಾ, ಪರ್ಸಿ ಎಂದು ಹೆಸರಿಟ್ಟ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿದ್ದರು. ಅವು ತೀರದುದ್ದಕ್ಕೂ ಈಜುತ್ತ ಮನೆಯ ಕಡೆ ಸಾಗಿದ್ದನ್ನು ಇಡೀ ದೇಶ ಕಾದು ನೋಡಿತು. ಹೀಗೆ ಒಂದು ಹಕ್ಕಿಗಾಗಿ ಮನುಷ್ಯರು ಇಷ್ಟು ಪಾಡು ಪಟ್ಟ ಉದಾಹರಣೆ ವಿರಳ.

ಆದರೂ ಸಂಖ್ಯೆ ಇಳಿಯುತ್ತಲೇ ಹೋಯಿತು. ಕಾರಣಗಳಲ್ಲಿ ದೊಡ್ಡದು ಹಸಿವು.

ಪೆಂಗ್ವಿನ್ ವರ್ಷಕ್ಕೊಮ್ಮೆ ಮೈಮೇಲಿನ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತದೆ. ಹೊಸ ಗರಿ ಬರುವ ತನಕ, ಹೆಚ್ಚುಕಡಿಮೆ ಮೂರು ವಾರ, ಮೈಗೆ ನೀರು ತಡೆಯುವ ಶಕ್ತಿ ಇರುವುದಿಲ್ಲ. ಕಡಲಿಗೆ ಇಳಿಯುವಂತಿಲ್ಲ, ಮೀನು ಹಿಡಿಯುವಂತಿಲ್ಲ. ಕೆದರಿದ ಗರಿಗಳ ಹಕ್ಕಿ ದಡದಲ್ಲಿ ನಿಂತು, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಂಡು ದಿನ ದೂಡುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಹೊಟ್ಟೆ ತುಂಬ ಮೀನು ಸಿಗದಿದ್ದರೆ ಆ ಉಪವಾಸದಿಂದ ಎದ್ದು ಬರುವುದೇ ಕಷ್ಟ. ಮರಿ ಇರುವಾಗ ಕಷ್ಟ ಇನ್ನೊಂದು ಬಗೆಯದು. ತುತ್ತು ತರಲು ಹೋದ ತಾಯಿತಂದೆ ಹಕ್ಕಿಗಳು ಬೇಗ ಮರಳಬೇಕಾದ್ದರಿಂದ ನೆಲೆಯಿಂದ ಬಹಳ ದೂರ ಹೋಗಲಾರವು. ಹತ್ತಿರದ ನೀರಿನಲ್ಲಿ ಮೀನಿನ ಹಿಂಡು ಇಲ್ಲದಿದ್ದರೆ ಗೂಡಿನಲ್ಲಿರುವ ಮರಿಗೆ ಉಳಿಗಾಲವಿಲ್ಲ. ಕಡಲ ಬಿಸಿ ಮತ್ತು ಪ್ರವಾಹ ಬದಲಾಗಿ ಸಾರ್ಡೀನ್ ಹಿಂಡುಗಳು ಬೇರೆಡೆಗೆ ಸರಿದಿವೆ. ಉಳಿದ ಹಿಂಡಿಗೆ, ಅದನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಕಾದಿದೆ.

ಬಲೆಯನ್ನು ದೂರ ಇಟ್ಟರೆ ಹಕ್ಕಿಗೆ ಎಷ್ಟು ಲಾಭ? 2008ರಿಂದ ನಾಲ್ಕು ದ್ವೀಪಗಳಲ್ಲಿ ಇದರ ಪರೀಕ್ಷೆ ನಡೆಯಿತು. ಎರಡೆರಡು ದ್ವೀಪಗಳ ಜೋಡಿ ಮಾಡಿ, ಒಂದರ ಸುತ್ತ 20 ಕಿಲೋಮೀಟರ್ ಮೀನುಗಾರಿಕೆ ನಿಲ್ಲಿಸಿ ಇನ್ನೊಂದರ ಸುತ್ತ ಬಿಟ್ಟು, ಕೆಲವು ವರ್ಷಗಳ ಬಳಿಕ ಅದಲುಬದಲು ಮಾಡಿ ಅಳೆದರು. ಫಲಿತಾಂಶದ ಅರ್ಥದ ಬಗ್ಗೆ ವಿಜ್ಞಾನಿಗಳ ಎರಡು ಪಾಳೆಯಗಳೇ ಆದವು. ಕೊನೆಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ 2023ರಲ್ಲಿ ವರದಿ ಕೊಟ್ಟಿತು. ಮೀನುಗಾರಿಕೆ ನಿಲ್ಲಿಸುವುದರಿಂದ ಪೆಂಗ್ವಿನ್‌ಗೆ ಪ್ರಯೋಜನವಿದೆ. ಆದರೆ ಕುಸಿತದ ವೇಗಕ್ಕೆ ಹೋಲಿಸಿದರೆ ಅದು ಸಣ್ಣದು, ಉದ್ಯಮಕ್ಕೆ ನಷ್ಟವೂ ಇದೆ ಎಂದಿತು. ಹಕ್ಕಿಗಳು ನಿಜವಾಗಿ ಮೇಯುವ ಜಾಗವನ್ನು ಗುರುತಿಸುವ ವಿಧಾನವನ್ನೂ ಸೂಚಿಸಿತು. ಆದರೆ ದಕ್ಷಿಣ ಆಫ್ರಿಕಾದ ಪರಿಸರ ಸಚಿವರು ಮುಂದುವರಿಸಿದ್ದು ಅದಕ್ಕೆ ಮೊದಲೇ ಇದ್ದ ತಾತ್ಕಾಲಿಕ ಗಡಿಗಳನ್ನು. ಅವು ಹಕ್ಕಿ ಮೇಯುವ ಜಾಗಕ್ಕೆ ಹೊಂದುತ್ತಿರಲಿಲ್ಲ ಎಂದು ಬರ್ಡ್‌ಲೈಫ್ ಸೌತ್ ಆಫ್ರಿಕಾ ಮತ್ತು ಸ್ಯಾಂಕಾಬ್ ಎಂಬ ಪಕ್ಷಿಸಂರಕ್ಷಣಾ ಸಂಸ್ಥೆಗಳು 2024ರ ಮಾರ್ಚ್‌ನಲ್ಲಿ ನ್ಯಾಯಾಲಯಕ್ಕೆ ಹೋದವು. ವಿಜ್ಞಾನದ ಸಲಹೆ ಕೈಯಲ್ಲಿದ್ದೂ ಪ್ರಯೋಜನವಿಲ್ಲದ ಗಡಿ ಹಾಕುವುದು ತರ್ಕಬದ್ಧ ತೀರ್ಮಾನವಲ್ಲ, ಪ್ರಭೇದವೊಂದು ನಾಶವಾಗದಂತೆ ತಡೆಯುವುದು ಸರ್ಕಾರದ ಕರ್ತವ್ಯ ಎಂಬುದು ಅವರ ವಾದ.

ಕಾನೂನು ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರಕರಣ ಪೂರ್ಣ ವಿಚಾರಣೆಗೆ ಹೋಗಿ ತೀರ್ಪು ಬಂದದ್ದಲ್ಲ. ಪಕ್ಷಿಸಂಸ್ಥೆಗಳು ಮತ್ತು ಮೀನುಗಾರಿಕಾ ಉದ್ಯಮದ ಸಂಘಗಳು ಕೂತು ಮಾತಾಡಿ ಗಡಿಗಳನ್ನು ಒಪ್ಪಿದವು, ಸರ್ಕಾರವೂ ಸಮ್ಮತಿಸಿತು. ಆ ಒಪ್ಪಂದಕ್ಕೆ ನ್ಯಾಯಾಲಯ ಆದೇಶದ ಬಲ ಕೊಟ್ಟಿತು.

ಮೀನು ಉಳಿಸಿದರೆ ಮಾತ್ರ ಸಾಲದು ಎಂಬುದಕ್ಕೆ ಸೇಂಟ್ ಕ್ರೋಯಿ ಸಾಕ್ಷಿ. ಒಂದು ಕಾಲಕ್ಕೆ ಆಫ್ರಿಕನ್ ಪೆಂಗ್ವಿನ್‌ಗಳ ಅತಿ ದೊಡ್ಡ ನೆಲೆ ಅದು. ಅದಿರುವ ಅಲ್ಗೋವಾ ಕೊಲ್ಲಿಯಲ್ಲಿ 2016ರಿಂದ ಹಡಗಿನಿಂದ ಹಡಗಿಗೆ ಇಂಧನ ತುಂಬುವ ವ್ಯವಹಾರ ಶುರುವಾಯಿತು. ಹಡಗುಗಳ ಸದ್ದು ಹೆಚ್ಚಿತು, ಎಣ್ಣೆ ಸೋರಿತು, ಪೆಂಗ್ವಿನ್‌ಗಳ ಸಂಖ್ಯೆ ಪಾತಾಳಕ್ಕಿಳಿಯಿತು. ಇಂಧನಕ್ಕೆ ಪರವಾನಗಿ ಕೊಡುವವರು ಒಂದು ಕಡೆ, ಹಕ್ಕಿ ಕಾಯುವವರು ಇನ್ನೊಂದು ಕಡೆ.

ಈ ತೊಡಕು ನಮಗೂ ಹೊಸದಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ವಿಶಾಲವಾಗಿ ನಿರೂಪಿಸುತ್ತದೆ. ಹಕ್ಕಿಯ ಮೊಟ್ಟೆ ಒಡೆಯುವುದೂ ಗೂಡು ಕದಡುವುದೂ ಅದರಲ್ಲಿ ಸೇರಿವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹಕ್ಕಿಗಳು ಗೂಡು ಕಟ್ಟುವ ಜಾಗಗಳನ್ನು ಅತ್ಯಂತ ಸೂಕ್ಷ್ಮವಾದ ಒಂದನೇ ವರ್ಗದಲ್ಲಿ ಇಟ್ಟಿದೆ. ಗೂಡಿನ ಮಟ್ಟಿಗೆ ಭದ್ರ ಅಡಿಪಾಯವೇ ಇದೆ. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ಮಾತ್ರ ರಾಜ್ಯದ್ದು, ಅದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಅದರ ಕಾಳಜಿ ಸಾಂಪ್ರದಾಯಿಕ ಮೀನುಗಾರರ ಹಿತ, ಮೀನಿನ ಸಂರಕ್ಷಣೆ, ಕಡಲಿನಲ್ಲಿ ಶಾಂತಿ ಸುವ್ಯವಸ್ಥೆ. ಬಂಡೆ ದ್ವೀಪದಲ್ಲಿ ಮರಿ ಮಾಡಿದ ಹಕ್ಕಿ ಎಲ್ಲಿ ಮೇಯುತ್ತದೆ ಎಂದು ಕೇಳುವ ಹೊಣೆ ಎರಡು ಇಲಾಖೆಗಳ ನಡುವೆ ಬಿದ್ದುಹೋಗಿದೆ.

ಇದನ್ನು ಮೀನುಗಾರರ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ಬೂತಾಯಿ, ಅಂದರೆ ನಮ್ಮ ಕಡಲಿನ ಸಾರ್ಡೀನ್, ಕೈಕೊಟ್ಟರೆ ಮೊದಲು ಪೆಟ್ಟು ತಿನ್ನುವುದು ಅವರ ಮನೆಗಳೇ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ 3,297 ಟನ್‌ಗೆ ಕುಸಿದಿತ್ತು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳನ್ನು ಕಟ್ಟಿಹಾಕುವ ಶಿಸ್ತು ನಮ್ಮ ಕರಾವಳಿಗೆ ರೂಢಿಯಾಗಿದೆ. ಮೀನು ಮರಿ ಮಾಡುವ ಕಾಲಕ್ಕೆ ಬಿಡುವು ಕೊಡಬಲ್ಲ ಸಮುದಾಯದ ಜೊತೆ, ಹಕ್ಕಿ ಮರಿ ಮಾಡುವ ಜಾಗದ ಬಗ್ಗೆಯೂ ಮಾತಾಡಬಹುದು.

ಈ ಸಂಕಿರಣದ ಗೋಷ್ಠಿಗಳ ಮುಂದೆ ನಾಲ್ಕು ಪ್ರಶ್ನೆಗಳಿವೆ. ನಮ್ಮ ದ್ವೀಪ, ಅಳಿವೆಗಳ ಹಕ್ಕಿಗಳು ಮೇಯುವ ನೀರನ್ನು ಯಾರು, ಯಾವ ವಿಧಾನದಿಂದ ಅಳೆಯಬೇಕು? ಆ ನಕ್ಷೆಯನ್ನು 1986ರ ಕಾಯ್ದೆಯ ಅಡಿಯಲ್ಲೇ ಅಧಿಸೂಚನೆಯಾಗಿ ತರಲು ಸಾಧ್ಯವೇ, ತಿದ್ದುಪಡಿ ಬೇಕೇ? ದೋಣಿ ದೂರ ಹೋಗಬೇಕಾದರೆ ಹೆಚ್ಚುವರಿ ಡೀಸೆಲ್ಲಿನ ಭಾರ ಯಾರದು? ಎಷ್ಟು ವರ್ಷಕ್ಕೊಮ್ಮೆ ಗಡಿಯನ್ನು ಮರುಪರಿಶೀಲಿಸಬೇಕು? ಈ ನಾಲ್ಕಕ್ಕೆ ಮೀನುಗಾರರು, ವಿಜ್ಞಾನಿಗಳು, ವಕೀಲರು ಸೇರಿ ಬರೆದ ಒಂದು ಕರಡು ಸಮಾರೋಪದ ಹೊತ್ತಿಗೆ ಸಿದ್ಧವಾಗಿ, ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳೆರಡರ ಮೇಜಿಗೂ ಒಟ್ಟಿಗೇ ತಲುಪಲಿ ಎಂಬುದು ಸಂಘಟಕರ ಬೇಡಿಕೆ. ಅದಕ್ಕಾಗಿಯೇ ಮೊದಲ ಗೋಷ್ಠಿಯನ್ನು ಮೀನುಗಾರರ ಪ್ರತಿನಿಧಿಗಳಿಗೆ ಬಿಟ್ಟುಕೊಡಲಾಗಿದೆ.